ಐದು ತೂತಿನ ಗಾಲಿ

ಅಮೀರಸಾಬ್ ಅಳತೆ ಹಿಡಿಯುವ ತನ್ನ ಕ್ಯಾಲಿಪರನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಜೇಬಿಗೆ ಇಳಿಸಿದ. ಇಪ್ಪತ್ತೆರಡು ವರ್ಷ ಲೇಥಿನ ಮುಂದೆ ನಿಂತ ಮನುಷ್ಯ ಕ್ಯಾಲಿಪರು ಸುತ್ತಿಕೊಂಡನೆಂದರೆ ಆ ಜಾಗದಲ್ಲಿ ಅವನ ಋಣ ತೀರಿತೆಂದೇ ಅರ್ಥ.

"ಅಮೀರಣ್ಣ, ಅದನ್ನ ಹೊರಗ ತಗಿ," ಎಂದರು ದಾಕ್ಷಾಯಣಮ್ಮನವರು.

"ಬ್ಯಾಡ್ರಿ ಅಕ್ಕಾರ. ಸಂಜಿಗಿ ಹದಿನಾಕು ಮಂದಿ ಕೈ ಎತ್ತಿ ನನ್ನ ಹೊರಗ ಹಾಕೋದಕ್ಕಿಂತ ನಾನ ಎದ್ದು ಹೋಗೋದು ಚಂದ."

"ಕೈ ಎತ್ತೋದು ಸಂಜಿ ಐದಕ್ಕ. ಈಗಿನ್ನೂ ಎಂಟು ಗಂಟಿ. ಕೂಡು."

ಅಮೀರಸಾಬ್ ಕೂಡಲಿಲ್ಲ. ಹೋಗಲೂ ಇಲ್ಲ. ಅವನ ಹಿಂದೆ ಕಪ್ಪು ಹಲಗೆಗೆ ಒರಗಿಕೊಂಡು ಗಾದಿಲಿಂಗಪ್ಪ ಕೈಕಟ್ಟಿ ನಿಂತಿದ್ದ. ಟೆಲಿಫೋನ್ ಇಲಾಖೆಯ ಲೈನ್‌ಮನ್, ಮೂವತ್ತೈದರ ವಯಸ್ಸು, ನಿಗುರಿ ನಿಲ್ಲುವ ಅಭ್ಯಾಸ. ಸಿರುಗುಪ್ಪದಿಂದ ನಿನ್ನೆ ಸಂಜೆ ಕೆಟ್ಟ ಸುದ್ದಿ ತಂದವನು ಅವನೇ.

ಬಳ್ಳಾರಿಯ ಹಳೆಯ ಅರಳೆ ಗಿರಣಿಯ ಆ ಗೋದಾಮಿನ ಬಾಗಿಲ ಮೇಲೆ 'ಯಂತ್ರಮಲ್ಲ ಸಂಘ' ಎಂಬ ಹಲಗೆ ಇತ್ತು. ಲೈಬ್ರರಿಗೆ ಬರುತ್ತಿದ್ದ ಇಂಗ್ಲಿಷ್ ಮಾಸಿಕವೊಂದರಲ್ಲಿ ರೋಬೋಟುಗಳ ಕಾಳಗದ ಚಿತ್ರ ಕಂಡು, ಆರು ವರ್ಷದ ಹಿಂದೆ ಇದನ್ನು ಕಟ್ಟಿದವರು ಹಾಲಸಿದ್ದಪ್ಪ ಮೇಸ್ತ್ರಿ. ಯಂತ್ರಮಲ್ಲ ಎಂಬ ಹೆಸರು ಮಾತ್ರ ಅವರ ಹೆಂಡತಿ, ಮುನ್ಸಿಪಲ್ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ದಾಕ್ಷಾಯಣಮ್ಮನವರದು. ಲಾರಿಯ ವೈಪರ್ ಮೋಟಾರು, ಕಾರಿನ ಬ್ಯಾಟರಿ, ಉಕ್ಕಿನ ತಗಡು ಸೇರಿಸಿ ಮಾಡಿದ ಮೊಣಕಾಲೆತ್ತರದ ಮಲ್ಲರು. ಉದ್ದನೆಯ ವೈರಿನ ತುದಿಯಲ್ಲಿ ನಾಲ್ಕು ಸ್ವಿಚ್ಚಿನ ಪೆಟ್ಟಿಗೆ ಹಿಡಿದು ಒಬ್ಬ ಆಡಿಸುತ್ತಾನೆ. ಮರಳಿನ ಕಣದಿಂದ ಹೊರಗೆ ತಳ್ಳಿಸಿಕೊಂಡವನು, ಇಲ್ಲವೆ ಬೋರಲಾದವನು ಸೋತ. ಬಳ್ಳಾರಿಯದು 'ಕೋಟೆ', ಸಿರುಗುಪ್ಪದ್ದು 'ಗೂಳಿ', ಕುರುಗೋಡಿನದು 'ಬಂಡೆ'. ಮೂರು ವರ್ಷದಿಂದ ಕೋಟೆಯನ್ನು ಯಾರೂ ಕದಲಿಸಿರಲಿಲ್ಲ.

ಈ ಶಿವರಾತ್ರಿಗೆ ಕುರುಗೋಡಿನ ಕಣದಲ್ಲಿ ಕೋಟೆಗೂ ಗೂಳಿಗೂ ಮೊದಲ ಕಾಳಗ. ಅದಕ್ಕೆಂದೇ ಕೋಟೆಗೆ ನಾಲ್ಕು ಸುಧಾರಣೆಗಳಾಗಬೇಕೆಂದು ಹೋದ ತಿಂಗಳು ಮೂವರ ಸಮಿತಿ ತೀರ್ಮಾನಿಸಿತ್ತು. ಬೆಲ್ಟು ತೆಗೆದು ಚೈನು ಹಾಕುವುದು. ಹಿಂದಿದ್ದ ಬ್ಯಾಟರಿಯನ್ನು ಹೊಟ್ಟೆಯ ಕೆಳಗೆ ತರುವುದು. ಮುಂದಿನ ತಗಡನ್ನು ಮೊರದ ಹಾಗೆ ಓರೆ ಮಾಡುವುದು. ಗಾಲಿಗಳಿಗೆ ಟ್ರ್ಯಾಕ್ಟರ್ ಟೈರಿನ ಪಟ್ಟಿ ಹೊಲಿಯುವುದು. ನಾಲ್ಕನ್ನೂ ಯೋಚಿಸಿದವನು ಗಾದಿಲಿಂಗಪ್ಪ. ನಕ್ಷೆ ಬರೆದು ತಂದವನೂ ಅವನೇ.

"ಮತ್ತೊಮ್ಮಿ ಹೇಳು ಗಾದಿ. ಏನು ನೋಡಿದಿ?"

"ರೈಸ್ ಮಿಲ್ಲಿನ ಫೋನು ಕೆಟ್ಟಿತ್ರಿ ಅಮ್ಮಾರ. ರಿಪೇರಿಗಿ ಹೋದೆ. ಇಂಜಿನ್ ಮನಿ ಪಕ್ಕ ಗೂಳಿ ಮ್ಯಾಲ ತಾಡಪತ್ರಿ ಮುಚ್ಚಿದ್ರು, ಗಾಳಿಗಿ ತುದಿ ಎದ್ದಿತ್ತು. ಚೈನು ಐತಿ, ಬ್ಯಾಟರಿ ಹೊಟ್ಟಿ ಕೆಳಗ ಐತಿ, ಮೊರದ ತಗಡ ಐತಿ, ಗಾಲಿಗಿ ಪಟ್ಟಿ ಐತಿ. ನಾಕಕ್ಕ ನಾಕು. ಈ ನಾಕೂ ಗೊತ್ತಿದ್ದೋರು ಮೂರು ಮಂದಿ. ನಾನು, ನೀವು..."

ಅವನ ಕಣ್ಣು ಅಮೀರಸಾಬನ ಕಡೆ ಹೊರಳಿತು.

"ಹೇಳಪಾ, ನಾಚಿಕಿ ಯಾಕ?" ಎಂದ ಅಮೀರಸಾಬ್. "ಹೋದ ತಿಂಗಳು ಮೂರು ಸಲ ಸಿರುಗುಪ್ಪಕ್ಕ ಹೋದೆ ಅನ್ನೋದೂ ಹೇಳು. ನನ್ನ ಮಗಳು ಗುಲ್ಜಾರಬೀ ಅಲ್ಲಿ ಹಡದಾಳ. ಮೊಮ್ಮಗನ ಮಾರಿ ನೋಡಾಕ ಹೋಗಿದ್ದಕ್ಕ ಯಾರ ಕಡಿಂದ ಚೀಟಿ ಬರಸಿಕೊಂಡು ಬರಲಿ?"

"ಮೊಮ್ಮಗನ್ನ ನೋಡಾಕ ಮೂರು ಸಲ ಬೇಕಾ ಸಾಬ್ರ?"

"ನಿನಗ ಮೊಮ್ಮಗ ಹುಟ್ಟಿದ ಮ್ಯಾಲ ಕೇಳು ಈ ಮಾತು."

ದಾಕ್ಷಾಯಣಮ್ಮನವರು ಕೈಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಈ ಮನುಷ್ಯ ಇಂದು ಸಂಜೆ ಹೊರಬಿದ್ದನೆಂದರೆ ಸಂಘವೊಂದೇ ಒಡೆಯುವುದಿಲ್ಲ. ಗುಟ್ಟು ಹೊರಗೆ ಹಾಕುವ ಲೇಥಿನವನ ಹತ್ತಿರ ಈ ಊರಿನಲ್ಲಿ ಮತ್ತೆ ಯಾರು ಕೆಲಸ ತರುತ್ತಾರೆ? ಐವತ್ತೈದು ವರ್ಷದ ಮರ್ಯಾದೆ ಒಂದು ಭಾನುವಾರದಲ್ಲಿ ಮಣ್ಣಾಗುವುದು.

"ನೀ ಕಂಡಿದ್ದನ್ನ ನಾನೂ ಕಣ್ಣಾರೆ ಕಾಣಬೇಕು," ಎಂದರು ಅವರು. "ಒಂಬತ್ತರ ಬಸ್ಸಿಗೆ ಹೋಗ್ತೀನಿ."

"ನಾನೂ ಬರ್ತೀನ್ರಿ ಅಮ್ಮಾರ."

"ಬ್ಯಾಡ. ನೀನು ಇಲ್ಲೇ ಇರು. ಅಮೀರಣ್ಣ, ನೀನೂ ಇಲ್ಲೇ ಇರು. ಇಬ್ಬರೂ ಸೇರಿ ಕೋಟೆಗಿ ಎಣ್ಣಿ ಹಾಕ್ರಿ. ನಿಮ್ಮಿಬ್ಬರ ಜಗಳಕ್ಕ ಅದ್ಯಾಕ ತುಕ್ಕು ಹಿಡೀಬೇಕು?"

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕದ ಜಾಗ ಬಿಟ್ಟು ಕುಳಿತರು. ಕಿಟಕಿ ಯಾವಾಗಲೂ ಮೇಸ್ತ್ರಿಯವರದು. ಸಿರಿಗೇರಿ ಕ್ರಾಸಿನಲ್ಲಿ ಹತ್ತಿದ ಹೆಂಗಸೊಬ್ಬಳು "ಒಳಗ ಸರೀರಿ ಅಮ್ಮ, ಜಾಗ ಖಾಲಿ ಐತಲ್ಲ" ಎಂದಾಗ ಅವರಿಗೆ ಎಚ್ಚರವಾಯಿತು. ಸರಿದು ಕುಳಿತರು.

ಮೇಸ್ತ್ರಿ ಹೋಗಿ ನಾಲ್ಕು ತಿಂಗಳಾಗಿತ್ತು. ಗಣಪತಿಯನ್ನು ಕಳಿಸಿದ ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಯಂತ್ರಗಳ ನಕ್ಷೆ, ಲೆಕ್ಕ ಬರೆದಿಡುವ ಖಾಕಿ ರಟ್ಟಿನ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹಾಲಸಿದ್ದಪ್ಪ ಗೋದಾಮಿಗೆ ಹೋಗಿದ್ದರು. ಮಧ್ಯಾಹ್ನ ಬರಿಗೈಯಲ್ಲಿ ಮನೆಗೆ ಬಂದು ಉಂಡು, ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ಶಿವ ಕರೆದುಕೊಂಡ. ಅವನು ಕೊಟ್ಟಿದ್ದು, ಅವನೇ ಕರೆದ. ಅದಕ್ಕೆ ದಾಕ್ಷಾಯಣಮ್ಮನವರ ತಕರಾರು ಇರಲಿಲ್ಲ. ಪುಸ್ತಕ ಮಾತ್ರ ಆ ದಿನದಿಂದ ಗೋದಾಮಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಗಂಡನ ಕೈಬರಹ ಎಂದು ಅವರ ಬಳಿ ಉಳಿದದ್ದು ಕರೆಂಟು ಬಿಲ್ಲಿನ ಹಿಂದೆ ಬರೆದ ಒಂದು ದಿನಸಿ ಚೀಟಿ.

ತೆಕ್ಕಲಕೋಟೆ ದಾಟಿತು. ಎರಡೂ ಕಡೆ ಕಾಲುವೆ ನೀರು ನಿಂತ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಸಿರುಗುಪ್ಪದಲ್ಲಿ ಇಳಿದು ಅವರು ನೇರವಾಗಿ ಮಿಲ್ಲಿಗೆ ನಡೆದರು.

ಮೈಲಾರಲಿಂಗಪ್ಪ ಮಿಲ್ಲಿನ ಇಂಜಿನ್ ಡ್ರೈವರು, ಸಿರುಗುಪ್ಪ ಸಂಘದ ಹಿರಿಯ. ಮೀಸೆಗೆ ತೌಡಿನ ಪುಡಿ ಹತ್ತಿ ಅರ್ಧ ಬೆಳ್ಳಗಾಗಿತ್ತು.

"ಬರ್ರಿ ಟೀಚರಮ್ಮ, ಬರ್ರಿ," ಎಂದ. "ಬಳ್ಳಾರಿಯೋರು ಸೋಲಿಗಿ ಹೆದರಿ ಸೀರಿ ಉಟ್ಟ ಪೊಲೀಸರನ್ನ ಕಳಿಸ್ಯಾರೇನು?"

"ಪೊಲೀಸರಾದ್ರ ಚಾ ಕೇಳ್ತಿದ್ರು. ನಾ ನೀರು ಕೇಳ್ತೀನಿ. ಗೂಳೀನ ತೋರಸು ಮೈಲಾರಲಿಂಗಪ್ಪ."

"ಕಣಕ್ಕಿಳಿಯೋಕ ಮೊದಲು ಎದುರಿನೋರಿಗಿ ಯಂತ್ರ ತೋರಿಸಬಾರದು ಅಂತ ಕಾನೂನು ಮಾಡಿದೋರು ನಿಮ್ಮ ಮೇಸ್ತ್ರಿ ಅಲ್ಲೇನ್ರಿ?"

"ನಿನ್ನೆ ನಮ್ಮೋನು ನೋಡಿ ಬಂದಾನ."

"ಯಾವನು? ಆ ಫೋನಿನವನಾ? ಹಂಗಾದ್ರ ಫೋನು ರಿಪೇರಿ ಮಾಡಿದ್ದು ಖರೇನೋ, ಅದೂ ಸುಳ್ಳೋ? ಬೆಳಿಗ್ಗಿಂದ ಮತ್ತ ಸತ್ತೈತಿ."

ದಾಕ್ಷಾಯಣಮ್ಮನವರು ನಗಲಿಲ್ಲ. "ಅಮೀರಸಾಬ ನಿಮಗ ಗುಟ್ಟು ಕೊಟ್ಟ ಅಂತ ಸಂಜಿಗಿ ಹೊರಗ ಹಾಕ್ತಾರ. ಕೊಟ್ಟಿದ್ರ ಕೊಟ್ಟಾನ ಅನ್ನು. ಇಲ್ಲಂದ್ರ ನನಗ ಯಂತ್ರ ತೋರಸು."

ಮೈಲಾರಲಿಂಗಪ್ಪನ ಮುಖದಿಂದ ತಮಾಷೆ ಇಳಿದುಹೋಯಿತು. ಇಂಜಿನ್ ಮನೆಯ ಪಕ್ಕಕ್ಕೆ ಹೋಗಿ ತಾಡಪತ್ರಿ ಎಳೆದ.

ಗೂಳಿ ಚೆಲುವಾಗಿತ್ತು. ಅದನ್ನು ಒಪ್ಪಿಕೊಳ್ಳಲು ದಾಕ್ಷಾಯಣಮ್ಮನವರಿಗೆ ಸಂಕಟವಾದರೂ ಒಪ್ಪಿಕೊಂಡರು. ಹೋದ ವರ್ಷ ಇದು ಎಣ್ಣೆ ಡಬ್ಬಿಯ ಹಾಗಿತ್ತು. ಈಗ ಮೂತಿ ತಗ್ಗಿಸಿ ನಿಂತ ಪ್ರಾಣಿಯ ಹಾಗಿದೆ. ಚೈನು, ಬ್ಯಾಟರಿ, ಮೊರದ ತಗಡು, ಟೈರಿನ ಪಟ್ಟಿ. ಗಾದಿಲಿಂಗಪ್ಪ ಸುಳ್ಳು ಹೇಳಿರಲಿಲ್ಲ.

ಅವರು ಕನ್ನಡಕ ಏರಿಸಿ ಬಗ್ಗಿದರು. ಓರೆ ತಗಡಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಕುಂಕುಮ ಒಣಗಿ ಕಪ್ಪಾಗಿತ್ತು. ವಿಭೂತಿಯ ಮೇಲೆ ತೌಡಿನ ಪುಡಿ ಪದರವಾಗಿ ಕೂತಿತ್ತು. ಇನ್ನೂ ಒಂದು ಮಾತು. ಆ ವಿಭೂತಿಯ ಗೆರೆ ತಗಡಿನಿಂದ ಹೊರಟು ಬೋಲ್ಟಿನ ತಲೆಯ ಮೇಲೆ ಹಾದು ಯಂತ್ರದ ಮೈಗೆ ಇಳಿದಿತ್ತು. ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ.

"ಈ ಪೂಜಿ ಯಾವಾಗಿನದು?"

"ಆಯುಧ ಪೂಜಿದು. ನಮ್ಮ ಮಿಲ್ಲಿನ್ಯಾಗ ಒಮ್ಮಿ ಹಚ್ಚಿದ ಮ್ಯಾಲ ಮುಂದಿನ ಆಯುಧ ಪೂಜಿ ತನಕ ಒರಸಂಗಿಲ್ರಿ. ಒರಸಿದ್ರ ಯಂತ್ರ ಮುನಿಸಿಕೊಂತೈತಿ."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಯುಧ ಪೂಜೆ ಆಗಿ ಮೂರು ತಿಂಗಳು. ಆ ಬೋಲ್ಟನ್ನು ಆಮೇಲೆ ಯಾರೂ ಬಿಚ್ಚಿಲ್ಲ, ಬಿಚ್ಚಿದ್ದರೆ ಗೆರೆ ಉಳಿಯುತ್ತಿರಲಿಲ್ಲ. ಬಳ್ಳಾರಿಯ ಸಮಿತಿ ಕೂತದ್ದು ಹೋದ ತಿಂಗಳು. ಎಂದರೆ ಅಮೀರಸಾಬನಿಗೆ ಗುಟ್ಟು ತಿಳಿಯುವುದಕ್ಕೆ ಎರಡು ತಿಂಗಳ ಮೊದಲೇ ಈ ತಗಡು ಇಲ್ಲಿ ಕೂತಿತ್ತು.

ಗುಟ್ಟು ಕೊಟ್ಟವನು ಅಮೀರಸಾಬ್ ಅಲ್ಲ. ಅವನ ಮರ್ಯಾದೆ ಉಳಿಯಿತು. ಆದರೆ ಒಂದೇ ತಲೆಯಲ್ಲಿ ಹುಟ್ಟಿದಂಥ ನಾಲ್ಕು ವಿಚಾರಗಳು ಎರಡು ಊರಿನಲ್ಲಿ ಹೇಗೆ ಬಂದವು?

ಗಾಲಿಯ ಕಡೆ ಸರಿದರು. ಸೆರಗಿನ ತುದಿಯಿಂದ ಗ್ರೀಸು ಒರಸಿದರು. ಗಾಲಿಯ ನಡುವಿನ ಬಿಲ್ಲೆಯಲ್ಲಿ ಬೋಲ್ಟುಗಳು ಸುತ್ತಲೂ ಕೂತಿದ್ದವು. ಎಣಿಸಿದರು. ಐದು.

ಮತ್ತೆ ಎಣಿಸಿದರು. ಐದೇ.

ಹಾಲಸಿದ್ದಪ್ಪ ಮೇಸ್ತ್ರಿ ದುಂಡಗಿನ ಯಾವುದಕ್ಕೇ ತೂತು ಕೊರೆದರೂ ಐದೇ ಕೊರೆಯುತ್ತಿದ್ದರು. ನ, ಮ, ಶಿ, ವಾ, ಯ. ಒಂದು ಅಕ್ಷರಕ್ಕೆ ಒಂದು ತೂತು. ಗಿರಣಿಯ ಸಾಹೇಬ ಒಮ್ಮೆ "ನಾಲ್ಕು ಸಾಕಲ್ಲ ಮೇಸ್ತ್ರಿ" ಎಂದಿದ್ದಕ್ಕೆ, "ನಾಲ್ಕಕ್ಕೆ ಮಂತ್ರ ಅರ್ಧಕ್ಕೆ ನಿಲ್ಲುತ್ತದೆ" ಎಂದು ಉತ್ತರ ಕೊಟ್ಟು ಆ ವರ್ಷದ ಬಡ್ತಿ ಕಳೆದುಕೊಂಡಿದ್ದರು. ಈ ಸೀಮೆಯಲ್ಲಿ ಹಾಗೆ ಕೊರೆಯುವ ಇನ್ನೊಂದು ಕೈ ಇರಲಿಲ್ಲ.

"ಮೈಲಾರಲಿಂಗಪ್ಪ," ಎಂದರು ಅವರು, ತಲೆ ಎತ್ತದೆ. "ಇದನ್ನ ನಿನಗ ನಮ್ಮನಿಯವರು ಕೊಟ್ಟಾರ."

ಅವನು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದ. "ಯಾರಿಗೂ ಹೇಳಬ್ಯಾಡ ಅಂದಿದ್ರು ತಾಯಿ. ನಾ ಹೇಳಿಲ್ಲ. ನೀವ ಕಂಡಹಿಡಿದ್ರಿ."

ಇಂಜಿನ್ ಮನೆಯ ಗೋಡೆಯಲ್ಲಿ ಮೈಲಾರಲಿಂಗನ ಪಟದ ಹಿಂದಿನಿಂದ ನಾಲ್ಕಾಗಿ ಮಡಿಸಿದ ಹಾಳೆ ಹೊರಬಂತು. ಮೊನಚು ಪೆನ್ಸಿಲಿನ ಆ ಗೆರೆ, ಬಲಕ್ಕೆ ವಾಲುವ ಆ ಅಕ್ಷರ. ದಾಕ್ಷಾಯಣಮ್ಮನವರು ಹಾಳೆಯನ್ನು ಓದುವ ಮೊದಲು ಕಣ್ಣಿಗೊತ್ತಿಕೊಂಡರು.

"ಯಾಕ ಕೊಟ್ರು?"

"ನಾನೂ ಅದನ್ನೇ ಕೇಳಿದೆ. ಮೂರು ವರ್ಷ ನಿಮ್ಮ ಕೋಟೆ ನಮ್ಮ ಗೂಳೀನ ಎತ್ತಿ ಎತ್ತಿ ಒಗೀತು. ಮಂದಿ ನಕ್ರು. ಮೇಸ್ತ್ರಿ ಒಬ್ಬರು ನಗಲಿಲ್ಲ. ಆಷಾಢದಾಗ ಒಂದಿನ ಬಂದ್ರು, ಇಲ್ಲೇ ಚೀಲದ ಮ್ಯಾಲ ಕುಂತ್ರು. 'ನಿಲ್ಲಾಕ ಬರದವನ್ನ ಕೆಡವಿ ಹಾರ ಹಾಕಿಸಿಕೊಳ್ಳಾಕ ನನಗ ನಾಚಿಕಿ ಆಗ್ತೈತಿ ಮೈಲಾರಲಿಂಗಪ್ಪ. ನೀ ಗಟ್ಟಿ ನಿಲ್ಲು. ಆಮ್ಯಾಲ ಗೆದ್ರ ಅದು ನಮ್ಮ ಗೆಲುವು, ಸೋತ್ರ ಅದು ನಿಮ್ಮ ಗೆಲುವು' ಅಂದ್ರು. ನಮ್ಮಪ್ಪ ನನಗ ಇಷ್ಟು ಮರ್ಯಾದಿ ಕೊಟ್ಟಿದ್ದಿಲ್ರಿ."

ಮಿಲ್ಲಿನ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ದಾಕ್ಷಾಯಣಮ್ಮನವರು ಉಸಿರು ಎಳೆದುಕೊಂಡರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡನ ಎತ್ತರವನ್ನು ಇಷ್ಟು ದಿನ ಕೈಯಳತೆಗೆ ಅಳೆದಿದ್ದೆನಲ್ಲ ಎನ್ನಿಸಿತು. ಬೆನ್ನು ತಾನಾಗಿ ನೆಟ್ಟಗಾಯಿತು.

ಹಾಳೆಯ ಮೇಲೆ ಬೆರಳು ಓಡಿಸುತ್ತ ಒಂದು ಕಡೆ ನಿಂತರು. ಗಾಲಿಯ ಕಡೆಯ ಚೈನು ಚಕ್ರಕ್ಕೆ ಹದಿನಾರು ಹಲ್ಲು ಎಂದು ಬರೆದಿತ್ತು. ಅದನ್ನು ಬೇರೆ ಪೆನ್ಸಿಲಿನಲ್ಲಿ ಹೊಡೆದು ಹದಿನೆಂಟು ಎಂದು ಮಾಡಲಾಗಿತ್ತು.

"ಈ ಹದಿನೆಂಟು ಅವರ ಅಕ್ಷರ ಅಲ್ಲ."

"ನಂದು. ಮೇಸ್ತ್ರಿ ಫೋನ್ ಮಾಡಿ ತಿದ್ದಿಸಿದ್ರು. 'ಹದಿನಾರು ತಪ್ಪೈತಿ, ಮೋಟಾರು ಸುಡತೈತಿ, ಹದಿನೆಂಟು ಮಾಡಿಕೋ. ನಾನೂ ಈಗ ಗೋದಾಮಿಗೆ ಹೋಗಿ ಪುಸ್ತಕದಾಗ ತಿದ್ದತೀನಿ' ಅಂದ್ರು. ಬೆಳಿಗ್ಗಿ ಒಂಬತ್ತಕ್ಕ. ಗಣಪತಿ ಕಳಿಸಿದ ಮರುದಿನ." ಅವನು ಟವಲಿನಿಂದ ಮುಖ ಒರಸಿಕೊಂಡ. "ಸಂಜಿಗಿ ಸುದ್ದಿ ಬಂತು."

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕವೇ ಕುಳಿತರು. ಯೋಚನೆಗೆ ಗಾಳಿ ಬೇಕಿತ್ತು.

ಗಾದಿಲಿಂಗಪ್ಪನ ನಕ್ಷೆ ಅವರ ಕಣ್ಣಮುಂದೆ ಇತ್ತು. ಅದರಲ್ಲಿ ಹದಿನೆಂಟು ಹಲ್ಲು. ಮೊದಲಿನಿಂದಲೇ ಹದಿನೆಂಟು, ತಿದ್ದಿದ್ದಲ್ಲ. ಗಾಲಿಗೆ ಐದು ತೂತು. ಮನೆಯಲ್ಲಿ ಆ ನಕ್ಷೆಯನ್ನು ಎಷ್ಟು ಸಲ ನೋಡಿದ್ದರು. ಮೂವತ್ತೆಂಟು ವರ್ಷ ಐದು ತೂತನ್ನೇ ನೋಡಿದ ಕಣ್ಣಿಗೆ ಅದು ವಿಚಿತ್ರವೆನಿಸಿರಲಿಲ್ಲ. ಅಲ್ಲಿಯೇ ಅವರು ತಪ್ಪಿದ್ದರು. ಗುಟ್ಟು ಬಳ್ಳಾರಿಯಿಂದ ಹೊರಗೆ ಹೋಗಿರಲಿಲ್ಲ. ಎರಡು ಊರಿಗೂ ಒಂದೇ ಪುಸ್ತಕದಿಂದ ಬಂದಿತ್ತು. ಆ ಹದಿನೆಂಟು ಪುಸ್ತಕಕ್ಕೆ ಸೇರಿದ್ದು ಮೇಸ್ತ್ರಿ ತೀರಿಕೊಂಡ ದಿನ ಬೆಳಿಗ್ಗೆ. ಅದನ್ನು ಕಂಡವನು ಆ ದಿನವೋ, ಆಮೇಲೋ ಪುಸ್ತಕ ತೆರೆದಿದ್ದಾನೆ. ಗಾದಿಲಿಂಗಪ್ಪ ಆ ದಿನ ಬೆಳಗಿನಿಂದ ಕುರುಗೋಡಿನಲ್ಲಿ ಲೈನು ಎಳೆಯುತ್ತಿದ್ದೆನೆಂದು ಎಲ್ಲರ ಮುಂದೆ ಹೇಳಿದ್ದ.

ಐದು ಗಂಟೆಗೆ ಗೋದಾಮು ತುಂಬಿತ್ತು. ಹದಿನಾಲ್ಕು ಸದಸ್ಯರು ಅರಳೆ ತುಂಬಿದ ಅಂಡಿಗೆಗಳ ಮೇಲೆ ಕೂತಿದ್ದರು. ಕೋಟೆ ನಡುವೆ ಎಣ್ಣೆ ಮಿರುಗುತ್ತ ನಿಂತಿತ್ತು. ಜಗಳವಾಡುತ್ತಲೇ ಇಬ್ಬರೂ ಚೆನ್ನಾಗಿ ಒರಸಿದ್ದರು.

ದಾಕ್ಷಾಯಣಮ್ಮನವರು ಕೂಡಲಿಲ್ಲ. ಕ್ಲಾಸಿನಲ್ಲಿ ನಿಂತ ಹಾಗೆ ನಿಂತರು.

"ಗೂಳಿ ಮ್ಯಾಲ ಆಯುಧ ಪೂಜಿ ವಿಭೂತಿ ಐತಿ. ತಗಡಿನಿಂದ ಬೋಲ್ಟಿನ ಮ್ಯಾಲ ಹಾದು ಮೈಗಿ ಇಳಿದೈತಿ. ನಮ್ಮ ಸಮಿತಿ ಕುಂದ್ರೋದಕ್ಕ ಎರಡು ತಿಂಗಳು ಮೊದಲಿನ ಕೆಲಸ ಅದು. ಅವರಿಗಿ ಗುಟ್ಟು ಕೊಟ್ಟೋರು ಹಾಲಸಿದ್ದಪ್ಪ ಮೇಸ್ತ್ರಿ, ತಾವಾಗಿ ಹೋಗಿ ಕೊಟ್ಟಾರ. ಎದುರಾಳಿ ಗಟ್ಟಿ ಇರಲಿ ಅಂತ ಕೊಟ್ಟಾರ."

ಯಾರೋ "ಶಿವ ಶಿವ" ಎಂದರು. ತಮ್ಮ ಮನೆಯ ಹಿರಿಯನ ದೊಡ್ಡತನದ ಸುದ್ದಿ ಕೇಳಿದವರ ಹಾಗೆ ಒಬ್ಬೊಬ್ಬರೇ ಸರಿಯಾಗಿ ಕೂತರು.

"ಅಮೀರಸಾಬನ ಬಗ್ಗಿ ಇಲ್ಲಿ ಯಾರೂ ಕೈ ಎತ್ತಂಗಿಲ್ಲ," ಎಂದರು ದಾಕ್ಷಾಯಣಮ್ಮನವರು. "ಈ ಮನುಷ್ಯ ನನ್ನಿಂದ ಮುಚ್ಚಿಟ್ಟ ಮಾತು ಒಂದೂ ಇಲ್ಲ. ಇವನ ಹೊಣಿ ನಂದು."

ಅಮೀರಸಾಬ್ ನೆಲ ನೋಡುತ್ತಿದ್ದ. ಸಂಕೋಚವೆಂದು ಅವರು ತಿಳಿದರು.

"ಗಾದಿ, ಹಲಗಿ ಮ್ಯಾಲ ಹೊಸ ಗಾಲಿ ಬರಿ."

ಗಾದಿಲಿಂಗಪ್ಪ ಸೀಮೆಸುಣ್ಣ ತೆಗೆದುಕೊಂಡು ಬರೆದ. ದುಂಡನೆಯ ಬಿಲ್ಲೆ, ಸುತ್ತಲೂ ಐದು ತೂತು.

"ಐದು ಯಾಕ?"

"ಗಟ್ಟಿ ಇರಲಿ ಅಂತ್ರಿ ಅಮ್ಮಾರ."

"ಆರು ಹಾಕಿದ್ರ ಇನ್ನೂ ಗಟ್ಟಿ. ನಾಕು ಹಾಕಿದ್ರ ಕೆಲಸ ಸಸಾರ. ದುಂಡಗಿನದನ್ನ ಐದು ಪಾಲು ಮಾಡೋದು ಎಷ್ಟು ತ್ರಾಸು ಅಂತ ಗೊತ್ತೈತೇನು ನಿನಗ?"

ಅವನು ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸಿದ.

"ಅಮೀರಣ್ಣ, ನೀ ಹೇಳು. ಮೇಸ್ತ್ರಿ ಐದು ಯಾಕ ಕೊರೀತಿದ್ರು?"

"ನ, ಮ, ಶಿ, ವಾ, ಯ," ಎಂದ ಅಮೀರಸಾಬ್ ಮೆಲ್ಲಗೆ. "ಒಂದೊಂದು ತೂತಿಗಿ ಒಂದೊಂದು ಅಂತಿದ್ರು. ಮಿಷನ್ ತಿರುಗಿಸೋನು ನಾನು. ಎಣಿಕಿ ತಪ್ಪಬಾರದು ಅಂತ ನಾನೂ ಒಳಗೊಳಗ ಅಂತಿದ್ದೆ. ನನ್ನ ಹೆಂಡ್ತಿ ಮಾಸುಮಾಬಿ ಕೇಳಿ ನಕ್ಕಿದ್ದಳ್ರಿ, ನಿಮ್ಮ ಬಾಯಾಗ ಇದು ಯಾವ ಲೆಕ್ಕ ಅಂತ."

ಎಲ್ಲರೂ ನಕ್ಕರು. ಗಾದಿಲಿಂಗಪ್ಪ ನಗಲಿಲ್ಲ. ತನ್ನ ಕೈ ಬರೆದ ಐದು ತೂತುಗಳನ್ನೇ ನೋಡುತ್ತಿದ್ದ. ಯಾಕೆಂದು ತಿಳಿಯದೆ ನಕಲು ಮಾಡಿದವನಿಗೆ ಈಗ ಅವು ಐದು ಕಣ್ಣುಗಳ ಹಾಗೆ ಕಂಡಿರಬೇಕು.

"ಹದಿನೆಂಟು ಹಲ್ಲು ಅಂತ ಮೇಸ್ತ್ರಿ ಪುಸ್ತಕದಾಗ ಬರೆದಿದ್ದು ಅವರು ಹೋದ ದಿನ ಬೆಳಿಗ್ಗಿ," ಎಂದರು ದಾಕ್ಷಾಯಣಮ್ಮನವರು. ದನಿ ಏರಿಸಲಿಲ್ಲ. "ನೀ ಆ ದಿನ ಕುರುಗೋಡಿನ್ಯಾಗ ಇದ್ದೆ ಅಂದಿ. ಪುಸ್ತಕ ಎಲ್ಲೈತಿ ಗಾದಿ?"

ಗಾದಿಲಿಂಗಪ್ಪ ಸೀಮೆಸುಣ್ಣ ಕೆಳಗಿಟ್ಟ. ಆಮೇಲೆ ಮೂಲೆಗೆ ಹೋಗಿ, ಲೈನ್‌ಮನ್‌ಗಳ ಚರ್ಮದ ಚೀಲದ ತಳದಿಂದ ಖಾಕಿ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟ.

"ಕುರುಗೋಡಿಂದ ಮಧ್ಯಾಹ್ನನ ಬಂದಿದ್ದೆ. ಮೇಸ್ತ್ರಿ ಊಟಕ್ಕ ಮನಿಗಿ ಹೋಗಿದ್ರು. ಪುಸ್ತಕ ತೆರದ ಇತ್ತು. ಕೊನೀ ಹಾಳಿ ಓದಿದೆ. ಓದಬಾರದಿತ್ತು. ಓದಿ, ಎತ್ತಿಕೊಂಡು ಹೋದೆ. ನಾಕು ಗಂಟಿಗಿ ಸುದ್ದಿ ಬಂತು. ಆಮ್ಯಾಲ ಯಾವ ಮಾರಿ ಹೊತ್ತು ತಂದು ಇಡಲಿ?"

"ಅವರ ವಿಚಾರ ನಿನ್ನ ವಿಚಾರ ಅಂದಿ."

"ಅವರ ಹೆಸರು ಹೇಳಿದ್ರ ಪುಸ್ತಕ ಕೇಳ್ತಿದ್ರಿ. ವಿಚಾರಾನ ಹೇಳದಿದ್ರ ಕೋಟೆ ಹಂಗೇ ಉಳೀತಿತ್ತು. ಅದು ಗೆಲ್ಲಬೇಕಿತ್ತು, ಅಮ್ಮಾರ. ಅದೊಂದು ಖರೇ ನಂಬ್ರಿ."

ದಾಕ್ಷಾಯಣಮ್ಮನವರು ಪುಸ್ತಕ ತೆರೆದರು. ನಾಲ್ಕು ತಿಂಗಳು ಹುಡುಕಿದ ಅಕ್ಷರಗಳು ಒಮ್ಮೆಲೆ ಎದುರು ನಿಂತಾಗ ಸಾಲುಗಳು ಕದಡಿದವು. ಕನ್ನಡಕ ಒರಸಿಕೊಂಡರು. ಮೊದಲ ನಾಲ್ಕು ಸುಧಾರಣೆಗಳು ಗೊತ್ತಿದ್ದವೇ. ಕೊನೆಯ ಹಾಳೆಯಲ್ಲಿ ಐದನೆಯದೊಂದಿತ್ತು. ಅದನ್ನು ಗಟ್ಟಿಯಾಗಿ ಓದಿದರು.

"ಐದು. ಪೆಟ್ಟಿಗೆ ಹಿಡಿಯುವ ಕೈ ಬದಲಾಗಬೇಕು. ಗಾದಿಲಿಂಗಪ್ಪ ಒಳ್ಳೆಯವನು, ಚುರುಕು. ಆದರೆ ಗೆಲ್ಲುವ ಹೊತ್ತಿಗೆ ಯಂತ್ರವನ್ನು ಬಿಟ್ಟು ಜನರನ್ನು ನೋಡುತ್ತಾನೆ. ಬರುವ ವರ್ಷ ಪೆಟ್ಟಿಗೆ ಹಿಡಿಯತಕ್ಕವರು..."

ಅಲ್ಲಿಗೆ ಹಾಳೆ ಮುಗಿದಿತ್ತು. ಕೆಳಗಿನ ಅರ್ಧ ಇರಲಿಲ್ಲ. ಸ್ಕೇಲು ಇಟ್ಟು ಹರಿದ ಹಾಗೆ ನೇರವಾಗಿ ಹರಿದಿತ್ತು.

"ಇದನ್ನ ಹರಿದಿ ಯಾಕ?"

"ನಾ ಹರಿದಿಲ್ರಿ." ಗಾದಿಲಿಂಗಪ್ಪನ ಕಣ್ಣಲ್ಲಿ ನೀರು ಬಂದಿತ್ತು. "ನಮ್ಮವ್ವ ಜಂಬಮ್ಮನ ಆಣಿ. ನಾ ನೋಡಿದಾಗನ ಹರಿದಿತ್ತು. ಮುಂದಿನ ಹೆಸರು ಅಮೀರಸಾಬ್ರದೇ ಅಂತ ನನ್ನ ತಲ್ಯಾಗ ಹೊಕ್ಕುಬಿಡ್ತು. ಆರು ವರ್ಷ ಆ ಪೆಟ್ಟಿಗಿ ನನ್ನ ಕೈಯಾಗ ಐತಿ. ನಿನ್ನೆ ಗೂಳಿ ನೋಡಿದಾಗ, ಇವರೇ ಕೊಟ್ಟಾರ ಅಂತ ಖರೇನ ನಂಬಿದೆ. ನಂಬಾಕ ನನಗೂ ಬೇಕಾಗಿತ್ತು."

"ಹಂಗಾದ್ರ ಹರಿದೋರು ಯಾರು?"

ಅಂಡಿಗೆಗಳ ನಡುವಿನಿಂದ ಅಮೀರಸಾಬ್ ಎದ್ದು ನಿಂತ. ಬೆಳಗಿನಿಂದ ಅವನ ಮುಖದಲ್ಲಿದ್ದ ರೋಷ ಈಗ ಇರಲಿಲ್ಲ.

"ಮೇಸ್ತ್ರೀನ ಹರಿದ್ರು, ಅಕ್ಕಾರ. ನನ್ನ ಎದುರಿಗೆ. ಆ ದಿನ ಹನ್ನೊಂದಕ್ಕ ನಾ ಇಲ್ಲಿದ್ದೆ. ಹರಿದು ನನ್ನ ಕೈಯಾಗ ಇಟ್ರು."

ದಾಕ್ಷಾಯಣಮ್ಮನವರ ಕೈ ಪುಸ್ತಕದ ಮೇಲೆಯೇ ನಿಂತಿತು. ಹತ್ತು ನಿಮಿಷದ ಹಿಂದೆ ಹದಿನಾಲ್ಕು ಜನರೆದುರು ತಾವು ಆಡಿದ ಮಾತನ್ನು ಅವರೂ ಮರೆತಿರಲಿಲ್ಲ, ಕೇಳಿದವರೂ ಮರೆತಿರಲಿಲ್ಲ. ಎಲ್ಲರ ಕಣ್ಣು ಅವರ ಮೇಲಿತ್ತು. ಅವರು ತಲೆ ತಗ್ಗಿಸಲಿಲ್ಲ.

"ನಾಕು ತಿಂಗಳು ನಿನ್ನ ಹತ್ರ ಐತಿ."

"ಐತ್ರಿ."

"ಕೊಡು."

ಅಮೀರಸಾಬ್ ಎದೆಯ ಮೇಲೆ ಕೈ ಇಟ್ಟುಕೊಂಡ. "ಪುಸ್ತಕ ನೋಡಿ ಕೇಳಿದೋರಿಗಿ ಕೊಡು ಅಂದಿದ್ರು. ನಾಕು ತಿಂಗಳಾತು, ಒಬ್ಬರೂ ಕೇಳಲಿಲ್ಲ. ಇಲ್ಲಿ ಕುಂತೋರು ಯಾರು ಕೇಳಿದ್ರೂ ಈಗಿಂದೀಗ ಕೊಡ್ತೀನ್ರಿ ಅಕ್ಕಾರ. ನಿಮಗೊಬ್ಬರಿಗಿ ಕೊಡಬ್ಯಾಡ ಅಂತ ನನ್ನ ಕೈ ಹಿಡಿದು ಭಾಷಿ ತಗೊಂಡಾರ. 'ಅದರಾಗಿನ ಹೆಸರು ಸಂಘದೋರ ಬಾಯಿಂದ ಬರಬೇಕು, ಆಕಿ ಬಾಯಿಂದ ಅಲ್ಲ' ಅಂದ್ರು."

ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಕಪ್ಪು ಹಲಗೆಯ ಹತ್ತಿರದಿಂದ ಒಂದು ಹೆಜ್ಜೆ ಮುಂದೆ ಬಂತು.

"ಹಂಗಾದ್ರ ನಾ ಕೇಳ್ತೀನಿ ಸಾಬ್ರ," ಎಂದು ಗಾದಿಲಿಂಗಪ್ಪ ಕೈ ಚಾಚಿದ.